ಸಾರಥಿಯ ಆತ್ಮಸಾಕ್ಷ್ಯ

ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಮನಸ್ಸನ್ನು ಕಡಿವಾಣಕ್ಕೂ, ಬುದ್ಧಿಯನ್ನು ಸಾರಥಿಗೂ ಹೋಲಿಸಿ, ಆತ್ಮನನ್ನು ರಥದಲ್ಲಿ ಕುಳಿತಿರುವ ರಥಿಯೆಂದು ಹೇಳಿರುವುದು ವಾಚಕರಿಗೆ ವಿದಿತವಾಗಿಯೇ ಇದೆ. ಈ ರೂಪಕದ ಸ್ವಾರಸ್ಯವೆಲ್ಲ ರಥಿಯೂ ಸಾರಥಿಯೂ ಬೇರೆಬೇರೆಯಾಗಿರುವುದರಲ್ಲಿ ಅಡಗಿರುವುದು. ಸಾರಥಿಯು ದಾರಿ ತಪ್ಪಿದರೆ ಹಿಂದೆ ಕುಳಿತವನು ಎಚ್ಚರಿಸಬಹುದು. ರಥಿಯು ಧೃತಿಗೆಟ್ಟರೆ ಮುಂದೆ ಕುಳಿತವನು ಬುದ್ಧಿ ಹೇಳಬಹುದು. ಕುರುಕ್ಷೇತ್ರದಲ್ಲಿ ನಡೆದದ್ದು ಇದೇ. ಮೋಟಾರುಗಾಡಿಯು ಲೋಕಕ್ಕೆ ಬಂದಮೇಲೆ ಈ ಪ್ರಾಚೀನವಾದ ಏರ್ಪಾಡು ಮುರಿದುಬಿದ್ದಿತು. ಈಗ ಬಹುಮಂದಿಗೆ ರಥಿಯೂ ತಾವೇ, ಸಾರಥಿಯೂ ತಾವೇ. ಗಾಜಿನ ಕಿಟಕಿಗಳನ್ನು ಏರಿಸಿ ಒಬ್ಬಂಟಿಯಾಗಿ ಕುಳಿತು ಓಡಿಸುವವನು ತನ್ನೊಳಗೆ ಏನನ್ನು ನೆನೆಯುತ್ತಾನೆ, ಯಾರನ್ನು ಶಪಿಸುತ್ತಾನೆ, ಯಾವ ಕ್ಷಣದಲ್ಲಿ ವಿವೇಕವನ್ನು ಕೈಬಿಡುತ್ತಾನೆ ಎಂಬುದನ್ನು ನೋಡುವವರೂ ಇಲ್ಲ, ಹೇಳುವವರೂ ಇಲ್ಲ. ಅವನ ತಪ್ಪನ್ನು ಅವನಿಗೆ ತೋರಿಸುವವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಅರಸಿದ ಪಂಡಿತರ ಚರಿತ್ರೆಯು ನೂರು ವರ್ಷಗಳಿಗೂ ಮೀರಿದುದು. ಅದರ ಅತ್ಯಂತ ವಿಲಕ್ಷಣವಾದ ಒಂದು ಪ್ರಕರಣವನ್ನು ಬರೆದವರು ಪಂಡಿತರಲ್ಲ. ಶಾಂತಸಾಗರದ ನಡುವಣ ಹವಾಯಿ ದ್ವೀಪಗಳ ಸಾಮಾನ್ಯ ವಿದ್ಯಾರ್ಥಿಗಳು.

ಮೊದಲು ಈ ಪ್ರಶ್ನೆಯೇ ಯಾರಿಗೂ ಹೊಳೆದಿರಲಿಲ್ಲ. ೧೮೯೬ನೆಯ ಇಸವಿ ಆಗಸ್ಟ್ ೧೭ನೆಯ ತಾರೀಖು ಲಂಡನ್ ನಗರದ ಕ್ರಿಸ್ಟಲ್ ಪ್ಯಾಲೆಸ್ ಎಂಬ ಪ್ರದರ್ಶನಮಂದಿರದ ಆವರಣದಲ್ಲಿ, ಬ್ರಿಜೆಟ್ ಡ್ರಿಸ್ಕಾಲ್ ಎಂಬ ನಲವತ್ತನಾಲ್ಕು ವಯಸ್ಸಿನ ಗೃಹಿಣಿಯು ಮಗಳೊಡನೆ ನಡೆದುಹೋಗುತ್ತಿದ್ದಾಗ, ಜನರಿಗೆ ತೋರಿಸುವುದಕ್ಕೆಂದು ಓಡಿಸುತ್ತಿದ್ದ ಮೋಟಾರೊಂದು ಬಡಿದು ಪ್ರಾಣ ಬಿಟ್ಟಳು. ಬ್ರಿಟನ್ನಿನಲ್ಲಿ ಹಾದಿಯಲ್ಲಿ ನಡೆದುಹೋಗುತ್ತಿದ್ದವರೊಬ್ಬರು ಮೋಟಾರಿನಿಂದ ಸತ್ತುದು ಅದೇ ಮೊದಲು. ಮರಣವಿಚಾರಣೆಯಲ್ಲಿ ಓಡಿಸುತ್ತಿದ್ದವನು ತಾನು ಗಂಟೆಗೆ ನಾಲ್ಕು ಮೈಲಿಯ ವೇಗದಲ್ಲಿ ಬರುತ್ತಿದ್ದೆನೆಂದೂ, ಗಂಟೆ ಬಾರಿಸಿ ಕೂಗಿದೆನೆಂದೂ ಹೇಳಿದನು. ಕಣ್ಣಾರೆ ಕಂಡ ಸಾಕ್ಷಿಯೊಬ್ಬಳು ಗಾಡಿಯು ಬೆಂಕಿ ಆರಿಸುವ ಬಂಡಿಯಂತೆ ನುಗ್ಗಿಬಂದಿತೆಂದು ಹೇಳಿದಳು. ಆಕಸ್ಮಿಕ ಮರಣವೆಂದು ತೀರ್ಪಾಯಿತು. ಇಂತಹದು ಇನ್ನೊಮ್ಮೆ ಆಗದಿರಲೆಂದು ವಿಚಾರಣಾಧಿಕಾರಿಯು ಹಾರೈಸಿದನು. ವೇಗವೆಷ್ಟು, ಗಂಟೆ ಬಾರಿಸಿತೇ ಇಲ್ಲವೇ ಎಂಬುದಕ್ಕೆ ಚರ್ಚೆ ನಡೆಯಿತೇ ಹೊರತು, ಆ ಯುವಕನ ಚಿತ್ತವು ಆಗ ಎಲ್ಲಿದ್ದಿತು ಎಂದು ಕೇಳಬೇಕೆಂಬುದು ಯಾರಿಗೂ ತೋರಲಿಲ್ಲ.

ಈ ವಿಷಯವನ್ನು ಶಾಸ್ತ್ರದ ಕಕ್ಷೆಗೆ ಮೊದಲು ತಂದವರಲ್ಲಿ ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ ಎಂಬ ಪಂಡಿತರು ಮುಖ್ಯರು. ಲೈಪ್‌ಜಿಗ್ ನಗರದಲ್ಲಿ ಮನಶ್ಶಾಸ್ತ್ರಕ್ಕೆ ಪ್ರಯೋಗಶಾಲೆಯನ್ನು ಕಟ್ಟಿದ ವುಂಟ್ ಅವರ ಶಿಷ್ಯರಾದ ಇವರು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದರು. ಟ್ರಾಮುಗಾಡಿಗಳ ಕೆಳಗೆ ಸಿಕ್ಕಿ ಜನರು ಸಾಯುವುದು ಹೆಚ್ಚುತ್ತಿರಲು, ಗಾಡಿ ನಡೆಸಲು ಯೋಗ್ಯರಾದವರನ್ನು ಮೊದಲೇ ಆರಿಸಿ ತೆಗೆಯಲಾಗದೇ ಎಂಬ ಪ್ರಶ್ನೆ ಅವರ ಮುಂದೆ ಬಂದಿತು. ಅವರು ಒಂದು ಉಪಾಯವನ್ನು ಮಾಡಿದರು. ಕಾಗದದ ಹಾಳೆಯ ನಡುವೆ ಎರಡು ಗೆರೆಗಳನ್ನು ಎಳೆದು ಅದನ್ನು ಟ್ರಾಮಿನ ಹಳಿಯೆಂದು ಭಾವಿಸಿದರು. ಇಕ್ಕೆಲಗಳ ಚೌಕಗಳಲ್ಲಿ ಅಂಕಿಗಳನ್ನು ಬರೆದರು: ಒಂದು ಎಂದರೆ ಕಾಲುನಡೆಯವನು, ಎರಡು ಎಂದರೆ ಕುದುರೆಗಾಡಿ, ಮೂರು ಎಂದರೆ ಮೋಟಾರು. ಕಪ್ಪು ಅಂಕಿಗಳು ಹಳಿಗೆ ಸಮಾನಾಂತರವಾಗಿ ಹೋಗುವವು. ಕೆಂಪು ಅಂಕಿಗಳು ಹಳಿಯ ಕಡೆಗೆ ಬರುವವು. ಕಿರಿದಾದ ಕಿಂಡಿಯೊಂದು ಹಾಳೆಯ ಮೇಲೆ ಸರಿದುಹೋಗುವಾಗ, ಯಾವ ಕೆಂಪು ಅಂಕಿಯು ಹಳಿಯ ಯಾವ ಸ್ಥಾನಕ್ಕೆ ಬಂದು ಬೀಳುವುದೆಂದು ಪರೀಕ್ಷ್ಯನು ಥಟ್ಟನೆ ಹೇಳಬೇಕು. ಕಣ್ಣಿನ ಚುರುಕಾಗಲಿ ಕೈಯ ಚುರುಕಾಗಲಿ ಇಲ್ಲಿ ಮುಖ್ಯವಲ್ಲ. ಇನ್ನೂ ಆಗದಿರುವುದನ್ನು ಕಲ್ಪಿಸಿಕೊಂಡು, ಬೇಡದುದನ್ನು ಬಿಟ್ಟು ಬೇಕಾದುದರಲ್ಲಿ ಚಿತ್ತವನ್ನು ನಿಲ್ಲಿಸುವ ಶಕ್ತಿಯೇ ಮುಖ್ಯವೆಂಬುದು ಅವರ ಸಿದ್ಧಾಂತ. ೧೯೧೩ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಅವರ ಗ್ರಂಥದಲ್ಲಿ ಇದರ ವಿವರವಿದೆ.

ಅದೇ ೧೯೧೩ರಲ್ಲಿ ಜಾನ್ ವಾಟ್ಸನ್ ಎಂಬ ಮತ್ತೊಬ್ಬ ಅಮೆರಿಕದ ಪಂಡಿತರು, ಮನುಷ್ಯನು ತನ್ನೊಳಗೆ ತಾನೇ ನೋಡಿ ಹೇಳುವ ಮಾತು ಶಾಸ್ತ್ರಕ್ಕೆ ಪ್ರಮಾಣವಾಗಲಾರದು, ಹೊರಗೆ ಕಾಣುವ ನಡತೆಯೊಂದೇ ಪ್ರಮಾಣವೆಂದು ಸಾರಿದರು. ಮುಂದೆ ಬಹುಕಾಲ ಅಮೆರಿಕದ ಮನಶ್ಶಾಸ್ತ್ರದಲ್ಲಿ ಈ ಮತವೇ ಆಳಿತು. ಗಾಡಿ ನಡೆಸುವವನನ್ನು ಹೊರಗಿನಿಂದ ಅಳೆದರು, ತೂಗಿದರು. ಒಳಗೆ ಏನು ನಡೆಯುತ್ತಿದೆಯೆಂದು ಅವನನ್ನೇ ಕೇಳುವುದು ಶಾಸ್ತ್ರಕ್ಕೆ ಅಪಚಾರವೆಂಬಂತಾಯಿತು. ೧೯೩೮ರಲ್ಲಿ ಗಿಬ್ಸನ್ ಮತ್ತು ಕ್ರುಕ್ಸ್ ಎಂಬವರು, ಸಾರಥಿಯ ಕಣ್ಣಮುಂದೆ ಗಾಡಿಯು ನಿರ್ಬಾಧವಾಗಿ ಸಾಗಬಲ್ಲ ಒಂದು ಕ್ಷೇತ್ರವು ನಾಲಗೆಯಂತೆ ಚಾಚಿಕೊಂಡಿರುವುದೆಂದೂ, ಆ ಕ್ಷೇತ್ರದ ನಡುವೆ ಗಾಡಿಯನ್ನು ಇಟ್ಟುಕೊಳ್ಳುವುದೇ ಸಾರಥ್ಯವೆಂದೂ ಒಂದು ಸುಂದರವಾದ ಲೇಖನವನ್ನು ಬರೆದರು. ೧೯೪೯ರಲ್ಲಿ ಕೆನಡಾ ದೇಶದ ಟಿಲ್‌ಮನ್ ಮತ್ತು ಹಾಬ್ಸ್ ಎಂಬ ವೈದ್ಯರು ಬಾಡಿಗೆ ಮೋಟಾರುಗಳ ಚಾಲಕರ ಬಾಳನ್ನು ವಿಚಾರಿಸಿ, ಮೇಲಿಂದ ಮೇಲೆ ಅಪಘಾತಕ್ಕೆ ಸಿಕ್ಕುವವನ ಮನೆಯ ಬದುಕೂ ಊರಿನ ಬದುಕೂ ಹಾಗೆಯೇ ಅಸ್ತವ್ಯಸ್ತವಾಗಿರುವುದೆಂದೂ, ಮನುಷ್ಯನು ಬಾಳಿದಂತೆಯೇ ಬಂಡಿ ಹೊಡೆಯುವನೆಂದೂ ನಿರ್ಣಯಿಸಿದರು. ಇವೆಲ್ಲವೂ ಬೆಲೆಯುಳ್ಳವೇ. ಆದರೆ ಬಾಳಿದಂತೆ ಬಂಡಿ ಹೊಡೆಯುವೆನೆಂದು ಆ ಚಾಲಕನಿಗೇ ತಿಳಿಯಿತೇ? ತಿಳಿಯಲಿಲ್ಲ.

ತಿಳಿಯದಿರುವುದೇ ಲೋಕಸಾಮಾನ್ಯವೆಂಬುದು ಆಮೇಲೆ ಸಿದ್ಧವಾಯಿತು. ೧೯೬೫ರಲ್ಲಿ ಪ್ರೆಸ್ಟನ್ ಮತ್ತು ಹ್ಯಾರಿಸ್ ಎಂಬವರು, ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ ೫೦ ಮಂದಿ ಚಾಲಕರನ್ನೂ, ಅಪಘಾತವಿಲ್ಲದ ೫೦ ಮಂದಿಯನ್ನೂ ಕರೆದು ನಿಮ್ಮ ಕೌಶಲ ಎಷ್ಟೆಂದು ಕೇಳಿದರು. ಪೋಲೀಸರ ದಾಖಲೆಯಂತೆ ಗಾಯಗೊಂಡವರಲ್ಲಿ ೩೪ ಮಂದಿ ಅಪಘಾತಕ್ಕೆ ತಾವೇ ಕಾರಣರು. ಆದರೂ ಹಾಸಿಗೆಯ ಮೇಲೆ ಬಿದ್ದಿದ್ದವರು ತಮ್ಮ ಸಾಮರ್ಥ್ಯವನ್ನು ಕುರಿತು ಹೇಳಿಕೊಂಡದ್ದಕ್ಕೂ, ಸುಖವಾಗಿ ಮನೆಗೆ ಹೋದವರು ಹೇಳಿಕೊಂಡದ್ದಕ್ಕೂ ಹೆಚ್ಚಿನ ಅಂತರವಿರಲಿಲ್ಲ! ೧೯೮೧ರಲ್ಲಿ ಸ್ವೀಡನ್ ದೇಶದ ಓಲಾ ಸ್ವೆನ್ಸನ್ ಎಂಬವರು ವಿದ್ಯಾರ್ಥಿಗಳನ್ನು ಕೇಳಿ ನೋಡಿದಾಗ, ಅಮೆರಿಕದವರಲ್ಲಿ ನೂರಕ್ಕೆ ೯೩ ಮಂದಿಯೂ ಸ್ವೀಡನ್ನಿನವರಲ್ಲಿ ನೂರಕ್ಕೆ ೬೯ ಮಂದಿಯೂ ತಮ್ಮ ಗುಂಪಿನ ನಡುಮಟ್ಟಕ್ಕಿಂತ ತಾವು ಕುಶಲರೆಂದರು. ಗುಂಪಿನಲ್ಲಿ ಅರ್ಧದಷ್ಟು ಮಂದಿಯಾದರೂ ನಡುಮಟ್ಟಕ್ಕಿಂತ ಮೇಲಿರದವರಾಗಿರಲೇಬೇಕೆಂಬುದು ಲೆಕ್ಕ ಬಲ್ಲ ಬಾಲಕನಿಗೂ ಗೊತ್ತು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನು ಕನ್ನಡಿಗರು ಸುಮ್ಮನೆ ಕಟ್ಟಲಿಲ್ಲ. ವಿರಾಟನ ಮಗನಾದರೋ ಕೌರವಸೇನೆಯನ್ನು ಕಂಡೊಡನೆ ತನ್ನ ನಿಜವನ್ನು ಅರಿತುಕೊಂಡನು. ಈ ಉತ್ತರಕುಮಾರರಿಗೆ ಆಸ್ಪತ್ರೆಯ ಹಾಸಿಗೆಯೂ ಅದನ್ನು ಅರುಹಲಿಲ್ಲ.

ಇನ್ನೂ ಒಂದು ವಿಷಯವನ್ನು ಇಲ್ಲಿ ಸೇರಿಸಬೇಕು. ೧೯೯೦ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಜೇಮ್ಸ್ ರೀಸನ್ ಮತ್ತು ಅವರ ಸಹಚರರು ೫೨೦ ಮಂದಿ ಚಾಲಕರಿಗೆ ಪ್ರಶ್ನಪತ್ರವನ್ನು ಕೊಟ್ಟು, ಚಾಲಕರ ತಪ್ಪುಗಳಲ್ಲಿ ಜಾತಿಭೇದವುಂಟೆಂದು ಕಂಡುಕೊಂಡರು. ನೋಡದೆ, ಮರೆತು, ಲೆಕ್ಕ ತಪ್ಪಿ ಮಾಡುವುದು ಪ್ರಮಾದ. ತಪ್ಪೆಂದು ತಿಳಿದೂ ತಿಳಿದೂ ಮಾಡುವುದು ಅತಿಕ್ರಮ. ಇವೆರಡರ ಮೂಲವೂ ಬೇರೆ. ಅತಿಕ್ರಮದಲ್ಲಿ ಮುಂದಾದವರೇ ತಾವು ವಿಶೇಷ ಕುಶಲರೆಂದು ಭಾವಿಸಿದ್ದರೆಂಬುದೂ ಅಲ್ಲಿ ಕಂಡುಬಂದಿತು. ಪ್ರಮಾದಕ್ಕೆ ಅಭ್ಯಾಸವು ಔಷಧ. ಅತಿಕ್ರಮಕ್ಕೆ ಅಭ್ಯಾಸವು ಔಷಧವಲ್ಲ, ಬಹುಶಃ ಪೋಷಕದ್ರವ್ಯ.

ಇಂತಹ ರೋಗಿಯು ವೈದ್ಯನ ಬಳಿಗೆ ತಾನಾಗಿ ಬರುವುದು ಹೇಗೆ? ಹವಾಯಿಯ ಪ್ರಯೋಗವು ಇದನ್ನೇ ಎತ್ತಿಕೊಂಡಿತು.

ಹೊನೊಲುಲು ನಗರದ ಮನೋವಾ ಎಂಬ ಕಣಿವೆಯಲ್ಲಿ ೧೯೦೭ರಲ್ಲಿ ಹುಟ್ಟಿದ ಹವಾಯಿ ವಿಶ್ವವಿದ್ಯಾನಿಲಯವಿದೆ. ಅಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದವರು ಲಿಯಾನ್ ಜೇಮ್ಸ್. ಅವರ ಮೊದಲಿನ ಹೆಸರು ಯಾಕೋಬೊವಿಟ್ಸ್. ೧೯೬೨ರಲ್ಲಿ ಕೆನಡಾದ ಮೆಗಿಲ್ ವಿಶ್ವವಿದ್ಯಾನಿಲಯಕ್ಕೆ ಅವರು ಒಪ್ಪಿಸಿದ ಪ್ರಬಂಧದ ವಿಷಯವು ರಸ್ತೆಗೆ ಸಂಬಂಧಿಸಿದುದಲ್ಲ. ಒಂದೇ ಪದವನ್ನು ಮತ್ತೆಮತ್ತೆ ಉಚ್ಚರಿಸುತ್ತ ಹೋದರೆ ಅದರ ಅರ್ಥವು ಕೆಲಕಾಲ ಮಂಕಾಗಿ ಬರಿಯ ಶಬ್ದವು ಉಳಿಯುವುದೆಂಬ ವಿಚಿತ್ರವನ್ನು ಅವರು ಅದರಲ್ಲಿ ಪರೀಕ್ಷಿಸಿ, ಅದಕ್ಕೆ ಒಂದು ಹೆಸರನ್ನೂ ಇಟ್ಟರು. ಮಂತ್ರಗಳಿಗೆ ಅರ್ಥವೇ ಇಲ್ಲವೆಂದು ವಾದಿಸಿದ ಕೌತ್ಸನನ್ನು ಯಾಸ್ಕನು ನಿರುಕ್ತದಲ್ಲಿ ಖಂಡಿಸಿರುವನಷ್ಟೆ. ಕೌತ್ಸನೂ ಬಾಲ್ಯದಲ್ಲಿ ಅತಿಯಾಗಿ ಸಂತೆ ಹೇಳಿದವನಿರಬೇಕು. ಅದು ಹಾಗಿರಲಿ. ಮನುಷ್ಯನು ದಿನದಿನವೂ ಮಾಡುವ ಕೆಲಸವು ಅಭ್ಯಾಸದಿಂದ ಅವನಿಗೇ ಕಾಣದಂತಾಗುವುದೆಂಬ ಚಿಂತೆಯು ಇವರನ್ನು ಬಿಡಲಿಲ್ಲವೆಂದು ತೋರುತ್ತದೆ. ಗಾಡಿ ನಡೆಸುವುದಕ್ಕಿಂತ ಹೆಚ್ಚಾಗಿ ಅಭ್ಯಾಸದಲ್ಲಿ ಮುಳುಗಿದ ಕೆಲಸವಾದರೂ ಯಾವುದು?

ಆ ಊರೂ ಇದಕ್ಕೆ ತಕ್ಕುದಾಗಿಯೇ ಇದ್ದಿತು. ಒವಾಹು ದ್ವೀಪವು ಚಿಕ್ಕದು. ನಡುವೆ ಬೆಟ್ಟಗಳ ಸಾಲು, ಸುತ್ತಲೂ ಕಡಲು, ಜನವೆಲ್ಲ ದಕ್ಷಿಣದ ಕರಾವಳಿಯಲ್ಲಿ ಕಿಕ್ಕಿರಿದಿರುವುದು. ವಿಶ್ವವಿದ್ಯಾನಿಲಯದ ಪಕ್ಕದಲ್ಲಿಯೇ ಹಾದುಹೋಗುವ ಹೆದ್ದಾರಿಯಲ್ಲಿ ಬೆಳಗು ಸಂಜೆ ಗಾಡಿಗಳು ಇರುವೆಯ ಸಾಲಿನಂತೆ ತೆವಳುತ್ತವೆ. ಪ್ರೀತಿಯನ್ನೂ ಸೌಜನ್ಯವನ್ನೂ ಸೂಚಿಸುವ ‘ಅಲೋಹ’ ಎಂಬ ಮಾತನ್ನು ಬಾಯ್ತುಂಬ ಆಡುವ ಜನರೂ ಆ ಸಾಲಿನಲ್ಲಿ ಸಿಕ್ಕಿಕೊಂಡಾಗ ಬೇರೆ ಜನರಾಗುವರು.

೧೯೮೦ರ ದಶಕದಲ್ಲಿ ಜೇಮ್ಸ್ ಅವರು ತಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಗೊತ್ತುಮಾಡಿದರು. ವಿದ್ಯಾರ್ಥಿಯು ದಿನವೂ ಹೋಗಿಬರುವ ದಾರಿಯಲ್ಲಿ ಗಾಡಿ ನಡೆಸುತ್ತಲೇ ತನ್ನ ಮನಸ್ಸಿಗೆ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಪಕ್ಕದಲ್ಲಿರಿಸಿದ ಧ್ವನಿಮುದ್ರಣಯಂತ್ರವು ಅದನ್ನು ಹಿಡಿದಿಡುವುದು. ಆಮೇಲೆ ಅವನು ಅದನ್ನು ಕೇಳಿ, ಬರೆದುಕೊಂಡು, ವಿಂಗಡಿಸಿ, ಪ್ರಬಂಧವನ್ನು ರಚಿಸಬೇಕು. ಇದಕ್ಕೆ ಅವರು ಆತ್ಮಸಾಕ್ಷ್ಯವೆಂಬ ಅರ್ಥ ಬರುವ ಹೆಸರನ್ನು ಇಟ್ಟರು. ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳಲ್ಲಿ ಒಂದು ಹಣ್ಣನ್ನು ತಿನ್ನುವುದು, ಮತ್ತೊಂದು ತಿನ್ನದೆ ನೋಡುತ್ತಿರುವುದು ಎಂಬ ಮುಂಡಕೋಪನಿಷತ್ತಿನ ಚಿತ್ರವನ್ನು ಬಲ್ಲವರಿಗೆ ಈ ಹೆಸರು ಹೊಸದೆನಿಸದು. ಹೊಸದೇನೆಂದರೆ ಆ ಎರಡನೆಯ ಹಕ್ಕಿಗೆ ಇಲ್ಲಿ ಲೇಖನಿಯನ್ನು ಕೊಟ್ಟಿರುವುದು.

ವಿಂಗಡಿಸುವ ಕ್ರಮವೂ ಗಮನಾರ್ಹವಾದುದು. ಪ್ರತಿಯೊಂದು ಪ್ರಸಂಗವನ್ನೂ ಮೂರು ಭಾಗವಾಗಿ ಬಿಡಿಸಬೇಕು: ಆಗ ಹುಟ್ಟಿದ ಭಾವವೇನು, ಆಲೋಚನೆಯೇನು, ಕೈಕಾಲುಗಳು ಮಾಡಿದುದೇನು. ಇದು ನಮ್ಮ ಶಾಸ್ತ್ರಕಾರರ ಇಚ್ಛಾ ಜ್ಞಾನ ಕ್ರಿಯಾ ಎಂಬ ತ್ರಿಪುಟಿಯೇ ಹೊರತು ಬೇರೆಯಲ್ಲ. ಜೇಮ್ಸ್ ಅವರು ಇದಕ್ಕಾಗಿ ಭಾರತಕ್ಕೆ ಬರಲಿಲ್ಲ. ಹದಿನೆಂಟನೆಯ ಶತಮಾನದ ಸ್ವೀಡನ್ನಿನ ತತ್ತ್ವಜ್ಞಾನಿ ಸ್ವೀಡನ್‌ಬೋರ್ಗನ ಗ್ರಂಥಗಳಲ್ಲಿ ಅವರಿಗೆ ಗಾಢವಾದ ಆಸಕ್ತಿಯಿದ್ದಿತು. ಬಿಡಿಸಿ ನೋಡುವುದರ ಪ್ರಯೋಜನವು ಒಂದು ಉದಾಹರಣೆಯಿಂದ ಸ್ಪಷ್ಟವಾದೀತು. ಪಕ್ಕದ ಸಾಲಿನ ಗಾಡಿಯೊಂದು ಸೂಚನೆ ಕೊಡದೆ ಮುಂದಕ್ಕೆ ನುಸುಳಿತೆನ್ನಿ. ಕ್ರಿಯೆಯು ಸಣ್ಣದು: ಕಾಲು ತಡೆಯನ್ನು ಒತ್ತಿತು, ಕೈ ಕೊಂಬನ್ನು ಊದಿತು. ಭಾವವು ಮೊದಲು ಭಯ, ಮರುಕ್ಷಣ ಕೋಪ. ಆಲೋಚನೆಯಾದರೋ ಒಂದು ನ್ಯಾಯಸ್ಥಾನ: ಅವನು ನನ್ನನ್ನು ಕಂಡೂ ಬೇಕೆಂದೇ ನುಗ್ಗಿದನು, ಇಂತಹವರಿಗೆ ಬುದ್ಧಿ ಕಲಿಸಬೇಕು, ಇನ್ನು ದಾರಿ ಬಿಡಬಾರದು. ಆ ಇನ್ನೊಬ್ಬನು ಕಂಡನೋ ಇಲ್ಲವೋ ಎಂಬುದಕ್ಕೆ ಯಾವ ಸಾಕ್ಷಿಯೂ ಇಲ್ಲದೆ ತೀರ್ಪಾಗಿಹೋಯಿತು. ಭಯವು ಸಹಜ, ಅದು ಪ್ರಾಣವನ್ನು ಉಳಿಸಿತು. ಕೋಪವನ್ನು ಹೊತ್ತಿಸಿ ಐದು ಮೈಲಿಯವರೆಗೆ ಉರಿಯುವಂತೆ ಮಾಡಿದುದು ಆ ಸುಳ್ಳು ತೀರ್ಪು. ಧ್ವನಿಯಂತ್ರದಲ್ಲಿ ತನ್ನ ಕಂಠದಲ್ಲಿಯೇ ಇದನ್ನು ಕೇಳಿದವನು ಇದು ನನ್ನದಲ್ಲವೆನ್ನುವ ಹಾಗಿಲ್ಲ. ಒಪ್ಪಿಕೊಳ್ಳುವುದು, ಸಾಕ್ಷಿಯಾಗಿ ನೋಡುವುದು, ತಿದ್ದಿಕೊಳ್ಳುವುದು ಎಂದು ಜೇಮ್ಸ್ ಅವರು ಮೂರು ಮೆಟ್ಟಲುಗಳನ್ನು ಹೇಳಿದರು. ಒಪ್ಪಿಕೊಳ್ಳುವುದನ್ನು ಮೊದಲಿಟ್ಟಿರುವುದು ಸರಿಯಾಗಿಯೇ ಇದೆ.

ಇಷ್ಟೇ ಆಗಿದ್ದರೆ ಇದೊಂದು ಒಳ್ಳೆಯ ಪಾಠವಾಗಿ ಮುಗಿದುಹೋಗುತ್ತಿತ್ತು. ಅವರು ಮತ್ತೊಂದು ಹೆಜ್ಜೆಯಿಟ್ಟರು. ಪರೀಕ್ಷೆ ಮುಗಿದೊಡನೆ ವಿದ್ಯಾರ್ಥಿಯ ಪ್ರಬಂಧವು ರದ್ದಿಗೆ ಹೋಗುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದಿರುವ ಸಂಪ್ರದಾಯ. ಇಲ್ಲಿ ಹಾಗಾಗಲಿಲ್ಲ. ಒಂದೊಂದು ಅವಧಿಯ ತರಗತಿಯನ್ನೂ ಒಂದೊಂದು ತಲೆಮಾರೆಂದು ಕರೆದು, ಆ ತಲೆಮಾರಿನವರು ಬರೆದುದನ್ನು ಮುಂದಿನ ತಲೆಮಾರಿನವರ ಪಾಠವನ್ನಾಗಿ ಇಟ್ಟರು. ೧೯೯೦ರ ದಶಕದಲ್ಲಿ ಅಂತರ್ಜಾಲವು ಬಂದಮೇಲೆ ಈ ಪ್ರಬಂಧಗಳು ಅದರಲ್ಲಿ ಪ್ರಕಟವಾಗಿ, ಕಪಾಟಿನ ಬಾಗಿಲು ಎಲ್ಲರಿಗೂ ತೆರೆಯಿತು. ಹೊಸ ವಿದ್ಯಾರ್ಥಿಯು ಹಿಂದಿನವರ ಕೆಲವು ಪ್ರಬಂಧಗಳನ್ನು ಆರಿಸಿ ಓದಬೇಕು. ಅವುಗಳ ಸಾರವನ್ನು ಬರೆಯಬೇಕು. ಯಾವುದು ಒಪ್ಪತಕ್ಕದ್ದು, ಯಾವುದು ಒಪ್ಪತಕ್ಕದ್ದಲ್ಲ ಎಂದು ವಿಮರ್ಶಿಸಬೇಕು. ಅವರ ಅನುಭವವನ್ನು ತನ್ನದರೊಡನೆ ಹೋಲಿಸಬೇಕು. ಕೊನೆಗೆ, ಇನ್ನೂ ಬಾರದಿರುವ ತಲೆಮಾರಿನವರಿಗೆ ತನ್ನ ಸಲಹೆಯನ್ನೂ ಬರೆದಿಡಬೇಕು. ಹೀಗೆ ಒಬ್ಬೊಬ್ಬನೂ ಮೊದಲು ಓದುಗನು, ಅನಂತರ ವಿಮರ್ಶಕನು, ಆಮೇಲೆ ತಾನೇ ಮತ್ತೊಬ್ಬರ ವಿಮರ್ಶೆಗೆ ಒಳಗಾಗುವ ಗ್ರಂಥಕರ್ತನು.

ವಿದ್ಯೆಯ ಕಾಲುಭಾಗವು ಆಚಾರ್ಯನಿಂದಲೂ, ಕಾಲುಭಾಗವು ಸ್ವಂತ ಬುದ್ಧಿಯಿಂದಲೂ, ಕಾಲುಭಾಗವು ಸಹಾಧ್ಯಾಯಿಗಳಿಂದಲೂ, ಉಳಿದುದು ಕಾಲಕ್ರಮದಿಂದಲೂ ಬರುವುದೆಂಬ ಪುರಾತನವಾದ ಸೂಕ್ತಿಯನ್ನು ಪಾಠಶಾಲೆಯಲ್ಲಿ ಕಲಿತವರೆಲ್ಲರೂ ಕೇಳಿಯೇ ಇರುವರು. ಸಹಾಧ್ಯಾಯಿಯ ಕಾಲುಭಾಗವನ್ನು ಈಗಿನ ವಿದ್ಯಾಶಾಲೆಗಳು ಬಹುಮಟ್ಟಿಗೆ ಕಳೆದುಕೊಂಡಿವೆ; ಪಕ್ಕದವನ ಬರೆಹವನ್ನು ನೋಡುವುದು ಅಲ್ಲಿ ಕಳ್ಳತನವೆನಿಸಿದೆ. ಮನೋವಾದ ತರಗತಿಯಲ್ಲಿ ಅದೇ ಕರ್ತವ್ಯವೆನಿಸಿತು. ಚಾಲಕನ ದೋಷದಂತಹ ವಿಷಯದಲ್ಲಂತೂ ಈ ಕಾಲುಭಾಗವು ಮಿಕ್ಕ ಮೂರಕ್ಕಿಂತ ತೂಕವಾದುದು. ಪೋಲೀಸಿನವನು ಹೇಳಿದರೆ ಅದು ದಂಡ. ತಂದೆತಾಯಿಗಳು ಹೇಳಿದರೆ ಬೈಗುಳ. ಅಧ್ಯಾಪಕರು ಹೇಳಿದರೆ ಪರೀಕ್ಷೆಯ ಉತ್ತರ. ಎಂದೂ ಕಾಣದ, ತನ್ನ ವಯಸ್ಸಿನವನೇ ಆದ ಒಬ್ಬನು, ಇದೇ ಹೆದ್ದಾರಿಯ ಇದೇ ತಿರುವಿನಲ್ಲಿ ತನಗೆ ಹೀಗೆ ಕೋಪ ಬಂದಿತು, ಹೀಗೆ ಹೊಲಸು ಮಾತು ಬಾಯಿಂದ ಹೊರಟಿತು ಎಂದು ತಾನಾಗಿ ಬರೆದಿಟ್ಟುದನ್ನು ಓದುವಾಗ, ಓದುವವನಿಗೆ ತನ್ನ ಪರವಾಗಿ ವಾದಿಸುವ ಅಗತ್ಯವಿರುವುದಿಲ್ಲ. ಮೊದಲು ನಗುವನು, ಈ ಬರೆದವನು ತನ್ನ ತಪ್ಪನ್ನು ಎದುರಾಳಿಯ ಮೇಲೆ ಹೊರಿಸುತ್ತಿದ್ದಾನೆಂದು ಗುರುತುಹಾಕುವನು, ಮರುದಿನ ಅದೇ ತಿರುವಿನಲ್ಲಿ ತನ್ನ ಬಾಯಿಂದಲೂ ಅದೇ ಮಾತು ಹೊರಟಾಗ ಸಿಕ್ಕಿಬೀಳುವನು. ಪರದೋಷವನ್ನು ಕಾಣುವುದರಲ್ಲಿ ಮನುಷ್ಯನಿಗಿರುವ ಅಪಾರವಾದ ಪ್ರತಿಭೆಯನ್ನು ಸ್ವದೋಷದ ಕಡೆಗೆ ತಿರುಗಿಸಲು ಇದಕ್ಕಿಂತ ಸುಲಭವಾದ ದಾರಿ ಕಾಣದು.

ಆದರೆ ಈ ಪ್ರಯೋಗವನ್ನು ಬರಿದೆ ಹೊಗಳಿ ಬಿಡುವಂತಿಲ್ಲ. ಪೂರ್ವಪಕ್ಷವು ಬಲವಾಗಿಯೇ ಇದೆ. ಮನುಷ್ಯರು ತಮ್ಮ ನಡತೆಯ ಕಾರಣಗಳನ್ನು ಕುರಿತು ಹೇಳುವ ಮಾತು ಅನೇಕವೇಳೆ ನಿಜವಾದ ಅಂತರ್ದರ್ಶನವಲ್ಲ, ಹೀಗಿರಬಹುದೆಂಬ ಊಹೆಯಷ್ಟೆ ಎಂದು ನಿಸ್‌ಬೆಟ್ ಮತ್ತು ವಿಲ್ಸನ್ ಎಂಬವರು ೧೯೭೭ರಲ್ಲಿ ಪ್ರಯೋಗಗಳಿಂದ ತೋರಿಸಿದ್ದರು. ಇದಕ್ಕೆ ಉತ್ತರವು ೧೯೮೦ರಲ್ಲಿ ಎರಿಕ್ಸನ್ ಮತ್ತು ಸೈಮನ್ ಅವರಿಂದ ಬಂದಿತು: ಆಮೇಲೆ ನೆನೆದು ಹೇಳುವ ಕಾರಣವು ಬೇರೆ, ಆ ಕ್ಷಣದಲ್ಲಿಯೇ ಮನಸ್ಸಿನಲ್ಲಿ ಹರಿಯುತ್ತಿರುವುದನ್ನು ಹಾಗೆ ಹಾಗೆಯೇ ಉಚ್ಚರಿಸುವುದು ಬೇರೆ, ಎರಡನೆಯದು ನಂಬತಕ್ಕದ್ದು. ಈ ದೃಷ್ಟಿಯಿಂದ ನೋಡಿದರೆ ಗಾಡಿಯಲ್ಲಿ ಧ್ವನಿಯಂತ್ರವನ್ನಿಟ್ಟುದೇ ಜೇಮ್ಸ್ ಅವರ ಪ್ರಯೋಗದ ಪ್ರಾಣ. ಮನೆಗೆ ಬಂದು ನೆನಪಿನಿಂದ ಬರೆದುದಕ್ಕೆ ಆ ಬೆಲೆಯಿಲ್ಲ. ಗಾಡಿ ನಡೆಸುವಾಗ ಮಾತನಾಡುತ್ತ ಹೋಗುವುದೇ ಚಿತ್ತವನ್ನು ಬೇರೆಡೆಗೆ ಎಳೆಯದೇ ಎಂಬ ಶಂಕೆಯೂ ನ್ಯಾಯವಾದುದೇ.

ಇದಕ್ಕಿಂತ ಗಹನವಾದ ಆಕ್ಷೇಪವೊಂದುಂಟು. ವಿದ್ಯಾರ್ಥಿಯು ಬರೆಯುವುದು ಅಂಕಗಳಿಗಾಗಿ. ಮೊದಲು ಪಾಪ, ಆಮೇಲೆ ಪಶ್ಚಾತ್ತಾಪ, ಕೊನೆಗೆ ಸುಧಾರಣೆ ಎಂಬ ಕ್ರಮದಲ್ಲಿ ಬರೆದರೆ ಅಧ್ಯಾಪಕರಿಗೆ ಒಪ್ಪಿಗೆಯಾಗುವುದೆಂದು ಹಿಂದಿನವರ ಪ್ರಬಂಧಗಳನ್ನು ಓದಿದವನಿಗೆ ತಿಳಿಯದಿರುವುದೇ? ಮಾದರಿಯು ಕಣ್ಣಮುಂದಿರುವಾಗ ಅನುಭವವು ಮಾದರಿಗೆ ತಕ್ಕಂತೆ ಬಾಗುವುದು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಸಾಕ್ಷ್ಯವು ಸಂಪ್ರದಾಯವಾಗಿ, ಸಂಪ್ರದಾಯವು ಬರಿಯ ಪಾಠವಾಗಿ, ಮತ್ತೆಮತ್ತೆ ಉಚ್ಚರಿಸಿದ ಪದದಂತೆ ಅರ್ಥವನ್ನು ಕಳೆದುಕೊಳ್ಳುವ ಅಪಾಯವಿದೆ. ಅದನ್ನು ಆ ಅಧ್ಯಾಪಕರಿಗಿಂತ ಚೆನ್ನಾಗಿ ಯಾರು ಬಲ್ಲರು?

ಆದುದರಿಂದಲೇ ಇಲ್ಲಿ ಸಹಾಧ್ಯಾಯಿಯ ವಿಮರ್ಶೆಯು ಅಲಂಕಾರವಲ್ಲ, ಆಧಾರಸ್ತಂಭ. ಋತುಪರ್ಣನ ರಥವನ್ನು ನಡೆಸುತ್ತಿದ್ದ ಬಾಹುಕನು, ತಾರೆಯ ಮರದ ಎಲೆ ಕಾಯಿಗಳ ಸಂಖ್ಯೆಯನ್ನು ದೊರೆಯು ನೋಡಿದ ಮಾತ್ರದಿಂದಲೇ ಹೇಳಿದಾಗ, ಭಲೇ ಎಂದು ಮುಂದೆ ಸಾಗಲಿಲ್ಲ. ದೊರೆಗೆ ಸ್ವಯಂವರದ ಅವಸರ. ಬಾಹುಕನು ರಥವನ್ನು ನಿಲ್ಲಿಸಿದನು, ಇಳಿದನು, ಮರವನ್ನು ಕಡಿದು ಎಣಿಸಿಯೇ ನೋಡಿದನು. ಲೆಕ್ಕವು ಸರಿಯಾಗಿದ್ದಿತು. ಅಕ್ಷಹೃದಯವನ್ನು ಅವನು ಕಲಿತದ್ದೂ, ಬಹುಕಾಲದಿಂದ ಅವನ ಒಡಲನ್ನು ಹೊಕ್ಕಿದ್ದ ಕಲಿಯು ಹೊರಬಿದ್ದುದೂ ಆ ಎಣಿಕೆಯ ಅನಂತರವೇ ಎಂದು ವನಪರ್ವದಲ್ಲಿದೆ. ಹಿಂದಿನವನ ಪ್ರಬಂಧದಲ್ಲಿ ನಾನು ಸುಧಾರಿಸಿದೆನೆಂಬ ಮಾತು ಬಂದಾಗ, ಯಾವ ದಿನ, ಯಾವ ದಾರಿಯಲ್ಲಿ, ಎಷ್ಟು ಸಲ, ಯಾವ ಪ್ರಸಂಗದಲ್ಲಿ ಎಂದು ನಿಂತು ಎಣಿಸಿ ಕೇಳುವ ಓದುಗನಿದ್ದರೆ ಸಾಕ್ಷ್ಯವು ಗಟ್ಟಿಯಾಗುವುದು. ಚೆನ್ನಾಗಿದೆಯೆಂದು ಬೆನ್ನು ತಟ್ಟಿ ಹೋಗುವವನಿದ್ದರೆ ಟೊಳ್ಳಾಗುವುದು. ತಾನೂ ಮುಂದೆ ಇದೇ ತಕ್ಕಡಿಯಲ್ಲಿ ಕೂಡಬೇಕಾದವನು ಕಠಿನವಾಗಿ ಕೇಳಲು ಹಿಂಜರಿಯುವುದು ಸಹಜ. ಸಭಾಮರ್ಯಾದೆಯು ಬಲಿತ ವಿದ್ವತ್ಸಭೆಗಳಲ್ಲಿಯೇ ನಿಷ್ಠುರವಾದ ವಾಕ್ಯಾರ್ಥವು ದುರ್ಲಭವಾಗಿರುವಾಗ, ಇಪ್ಪತ್ತು ವರ್ಷದ ತರುಣ ತರುಣಿಯರನ್ನು ದೂರುವುದು ಸಲ್ಲದು.

ತರಗತಿಯ ಈ ಕೆಲಸವು ಮುಂದೆ ರಾಜ್ಯಸಭೆಯವರೆಗೂ ಹೋಯಿತು. ರಸ್ತೆಯ ಮೇಲಿನ ಕೋಪಾವೇಶದಿಂದ ಕೊಲೆಗಳೇ ನಡೆಯುತ್ತಿವೆಯೆಂಬ ಕೂಗು ೧೯೯೦ರ ದಶಕದಲ್ಲಿ ಅಮೆರಿಕದ ಪತ್ರಿಕೆಗಳನ್ನು ತುಂಬಿದ್ದಿತು. ೧೯೯೦ರಿಂದ ೧೯೯೬ರವರೆಗೆ ಇಂತಹ ಘಟನೆಗಳಲ್ಲಿ ೨೧೮ ಮಂದಿ ಸತ್ತರೆಂದೂ ೧೨,೬೧೦ ಮಂದಿ ಗಾಯಗೊಂಡರೆಂದೂ ಮೋಟಾರು ಸಂಘವೊಂದರ ಪ್ರತಿಷ್ಠಾನವು ೧೯೯೭ರಲ್ಲಿ ವರದಿ ಮಾಡಿತು. ಆ ವರ್ಷದ ಜುಲೈ ತಿಂಗಳಲ್ಲಿ ಅಮೆರಿಕದ ಪ್ರತಿನಿಧಿಸಭೆಯ ಉಪಸಮಿತಿಯು ನಡೆಸಿದ ವಿಚಾರಣೆಯಲ್ಲಿ ಜೇಮ್ಸ್ ಅವರೂ ಹೇಳಿಕೆಯಿತ್ತರು. ಆ ವರದಿಯ ಬಹುಭಾಗವು ಪತ್ರಿಕೆಗಳ ವಾರ್ತೆಗಳನ್ನು ಕೂಡಿಸಿದುದು, ವಾರ್ತೆ ಹೆಚ್ಚಿದರೆ ಲೆಕ್ಕವೂ ಹೆಚ್ಚುವುದು ಎಂದು ಕೆಲವರು ಆಗಲೇ ಟೀಕಿಸಿದರು. ಟೀಕೆಯಲ್ಲಿ ಹುರುಳಿದೆ. ಅದೇ ಏಳು ವರ್ಷಗಳಲ್ಲಿ ಅಮೆರಿಕದ ರಸ್ತೆಗಳಲ್ಲಿ ಪ್ರತಿವರ್ಷವೂ ೩೯,೦೦೦ಕ್ಕೆ ಕಡಿಮೆಯಿಲ್ಲದಂತೆ ಜನರು ಸತ್ತಿದ್ದರು. ಬಂದೂಕು ಹಿಡಿದು ಇಳಿದವನು ವಾರ್ತೆಯಾದನು. ಹಲ್ಲುಕಚ್ಚಿಕೊಂಡು ದಾರಿ ಬಿಡದೆ ಹೋದ ಲಕ್ಷಾಂತರ ಸಭ್ಯರು ಯಾವ ವಾರ್ತೆಯಲ್ಲಿಯೂ ಕಾಣಿಸಲಿಲ್ಲ. ವಿದ್ಯಾರ್ಥಿಗಳ ಪ್ರಬಂಧಗಳು ಹೇಳುತ್ತಿದ್ದುದು ಈ ಸಭ್ಯರ ಕಥೆಯನ್ನು. ಪತ್ರಿಕೆಗಳಿಗೆ ಬೇಕಾಗಿದ್ದುದು ರಾಕ್ಷಸರ ಕಥೆ.

ಜೇಮ್ಸ್ ಅವರು ಸೂಚಿಸಿದ ಪರಿಹಾರವು ತರಗತಿಯ ಕ್ರಮವನ್ನೇ ಊರಿಗೆ ವಿಸ್ತರಿಸುವುದಾಗಿದ್ದಿತು. ಚಾಲನಾಶಿಕ್ಷಣವು ಪರವಾನಗಿ ಸಿಕ್ಕಿದ ದಿನ ಮುಗಿಯತಕ್ಕದ್ದಲ್ಲ, ಬಾಳೆಲ್ಲ ನಡೆಯತಕ್ಕದ್ದು. ಮನೆಯವರೋ ಗೆಳೆಯರೋ ಜೊತೆಯಲ್ಲಿ ಕೆಲಸ ಮಾಡುವವರೋ ಸಣ್ಣ ಸಣ್ಣ ಕೂಟಗಳಾಗಿ ಸೇರಿ, ತಮ್ಮ ತಮ್ಮ ಸಾರಥ್ಯದ ಕಥೆಯನ್ನು ಒಬ್ಬರಿಗೊಬ್ಬರು ಹೇಳಿ ತಿದ್ದಿಕೊಳ್ಳಬೇಕು. ಅದೇ ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯಶಾಸ್ತ್ರದ ಅಧ್ಯಾಪಕಿಯಾದ ಡಯೇನ್ ನಾಲ್ ಅವರೊಡನೆ ಸೇರಿ ಅವರು ಬರೆದ ಗ್ರಂಥವು ೨೦೦೦ದಲ್ಲಿ ಪ್ರಕಟವಾಯಿತು. ಗ್ರಂಥವು ಹೆಸರು ಗಳಿಸಿತು. ಆ ಕೂಟಗಳು ಊರೂರಿನಲ್ಲಿ ಬೇರೂರಲಿಲ್ಲ. ತರಗತಿಯಲ್ಲಿ ಅಂಕಗಳ ಕಟ್ಟು ಇದ್ದಿತು, ಮನೆಯಲ್ಲಿ ಅದಿಲ್ಲ. ಗಂಡನು ಗಾಡಿ ನಡೆಸುವ ರೀತಿಯನ್ನು ಹೆಂಡತಿಯು ವಿಮರ್ಶಿಸಿದರೆ ನಡೆಯುವುದು ಶಾಸ್ತ್ರಚರ್ಚೆಯಲ್ಲವೆಂಬುದಕ್ಕೆ ಹವಾಯಿಯವರೆಗೆ ಹೋಗಬೇಕಾಗಿಲ್ಲ.

೨೦೨೨ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಸತ್ತರೆಂದು ಕೇಂದ್ರಸರ್ಕಾರದ ವರದಿ ಹೇಳುತ್ತದೆ. ಒಂದೊಂದು ಸಾವಿಗೂ ಕಾರಣವನ್ನು ಬರೆಯುವ ಅಂಕಣವು ಆ ವರದಿಯಲ್ಲಿದೆ: ಅತಿವೇಗ, ಎದುರು ದಿಕ್ಕಿನ ಸಂಚಾರ, ಮದ್ಯಪಾನ, ಹೀಗೆ. ಇವೆಲ್ಲವೂ ಕ್ರಿಯೆಗಳು. ಇಚ್ಛೆಗೂ ಜ್ಞಾನಕ್ಕೂ ಅದರಲ್ಲಿ ಅಂಕಣಗಳಿಲ್ಲ. ಇರುವುದಕ್ಕೂ ಸಾಧ್ಯವಿಲ್ಲ, ಏಕೆಂದರೆ ಅವನ್ನು ತುಂಬಬಲ್ಲವನು ಒಬ್ಬನೇ, ಅನೇಕವೇಳೆ ಅವನೂ ಉಳಿದಿರುವುದಿಲ್ಲ. ಮನೋವಾದ ವಿದ್ಯಾರ್ಥಿಗಳು ತುಂಬಿಟ್ಟುದು ಆ ಅಂಕಣಗಳನ್ನು. ಅವರಲ್ಲಿ ಹೆಚ್ಚಿನವರು ಮನಶ್ಶಾಸ್ತ್ರವನ್ನು ವೃತ್ತಿಯಾಗಿ ಹಿಡಿದವರಲ್ಲ. ಒಂದು ಅವಧಿ ಕುಳಿತು, ಬರೆದು, ಎದ್ದುಹೋದವರು. ಪ್ರಬಂಧದ ಕೊನೆಯ ಪ್ರಕರಣವಾದ ಮುಂದಿನವರಿಗೆ ಸಲಹೆ ಎಂಬ ಭಾಗವನ್ನು ಬರೆಯುವಾಗ, ಅದನ್ನು ಓದುವವನು ಯಾರೆಂದು ಅವರಿಗೆ ತಿಳಿದಿರಲಿಲ್ಲ. ಇನ್ನು ಕೆಲವು ತಿಂಗಳಲ್ಲಿ ಅವನು ಇದೇ ಹೆದ್ದಾರಿಯಲ್ಲಿ ತನ್ನ ಗಾಡಿಯ ಹಿಂದೆಯೋ ಮುಂದೆಯೋ ಬರುವನೆಂಬುದಷ್ಟು ಮಾತ್ರ ತಿಳಿದಿದ್ದಿತು.